ಪಾದದ ನೋವು ಮತ್ತು ನರದೋಷ: ಶಸ್ತ್ರಕ್ರಿಯೆಯಿಲ್ಲದ ಪರಿಹಾರಗಳು

ಘಟಪ್ರಭಾ ನದಿಗೆ ಧುಪದಾಳದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಒಡ್ಡು ಈ ಸೀಮೆಯ ಭೂಮಿಗೆ ನೀರನ್ನಿತ್ತಿತು. ನೀರು ಬಂದಲ್ಲಿ ಕಬ್ಬು ಬಂದಿತು, ಗೋವಿನಜೋಳ ಬಂದಿತು. ಅವುಗಳೊಡನೆ ವರ್ಷದ ಬಹುಭಾಗ ಕೆಸರಿನಲ್ಲಿ ನಿಂತು ದುಡಿಯುವ ಕಾಯಕವೂ ಬಂದಿತು. ಅತ್ತ ಗೋಕಾಕ ಜಲಪಾತದ ಹತ್ತಿಯ ಗಿರಣಿಯಲ್ಲಿ ಕಾರ್ಮಿಕರು ತಲೆಮಾರುಗಳ ಕಾಲ ಯಂತ್ರಗಳ ಮುಂದೆ ನಿಂತೇ ದುಡಿದರು. ಶಾಲೆಯ ಉಪಾಧ್ಯಾಯರಾದರೂ ದಿನಕ್ಕೆ ನಾಲ್ಕೈದು ತಾಸು ಹಲಗೆಯ ಮುಂದೆ ನಿಲ್ಲುವವರೇ. ಹೀಗೆ ನಾಡಿನ ದುಡಿಮೆಯೆಲ್ಲ ಪಾದಗಳ ಮೇಲೆ ನಿಂತಿದ್ದರೂ ಪಾದದ ಆರೈಕೆಯ ತಿಳಿವಳಿಕೆ ಮಾತ್ರ ಜನರಲ್ಲಿ ಅತ್ಯಲ್ಪ. ನೋವು ಬಂದರೆ ಸಹಿಸುವುದು, ಸಹಿಸಲಾರದಾಗ ಶಸ್ತ್ರಕ್ರಿಯೆಗೆ ಹೆದರಿ ವೈದ್ಯರಿಂದ ದೂರವಿರುವುದು ರೂಢಿಯಾಗಿದೆ. ಈ ಹೆದರಿಕೆ ಬಹುಮಟ್ಟಿಗೆ ನಿರಾಧಾರವಾದುದು. ಪಾದದ ಬಹುತೇಕ ಬೇನೆಗಳು ಕತ್ತರಿ ಮುಟ್ಟದೆಯೇ ಗುಣವಾಗತಕ್ಕವು.

೧. ಪಾದದ ರಚನೆ

ಒಂದೊಂದು ಪಾದದಲ್ಲಿ ೨೬ ಎಲುಬುಗಳಿವೆ. ದೇಹದ ಒಟ್ಟು ೨೦೬ ಎಲುಬುಗಳಲ್ಲಿ ೫೨, ಎಂದರೆ ಕಾಲುಭಾಗ, ಎರಡು ಪಾದಗಳಲ್ಲಿಯೇ ಇವೆ. ಇವು ಕಮಾನಿನಂತೆ ಜೋಡಣೆಗೊಂಡಿವೆ. ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹರಡಿರುವ ಗಟ್ಟಿಯಾದ ತಂತುಪಟ್ಟಿಯು, ಬಿಲ್ಲಿಗೆ ಹೆದೆಯಿದ್ದಂತೆ, ಈ ಕಮಾನನ್ನು ಬಿಗಿದು ಹಿಡಿದಿದೆ. ಅಂಗಾಲಿಗೆ ಸ್ಪರ್ಶಜ್ಞಾನವನ್ನು ಕೊಡುವ ಮುಖ್ಯ ನರವು ಒಳಹರಡಿನ ಹಿಂದಿನಿಂದ ಇಳಿಯುತ್ತದೆ. ಪಾದವನ್ನು ಮೇಲಕ್ಕೆತ್ತುವ ಸ್ನಾಯುಗಳನ್ನು ನಡೆಸುವ ನರವು ಮೊಣಕಾಲಿನ ಹೊರಬದಿಯಲ್ಲಿ, ಚರ್ಮದ ತೀರ ಸಮೀಪದಲ್ಲಿ, ಎಲುಬನ್ನು ಸುತ್ತಿಕೊಂಡು ಬರುತ್ತದೆ. ಈ ಎರಡು ಎಡೆಗಳನ್ನು ನೆನಪಿನಲ್ಲಿಟ್ಟರೆ ಮುಂದಿನ ವಿಷಯ ಸುಲಭವಾಗುವುದು.

೨. ಹಿಮ್ಮಡಿಯ ನೋವು

ಬೆಳಿಗ್ಗೆ ಹಾಸಿಗೆಯಿಂದೆದ್ದು ಮೊದಲ ಹೆಜ್ಜೆಯಿಟ್ಟಾಗ ಹಿಮ್ಮಡಿಯಲ್ಲಿ ಮುಳ್ಳು ಚುಚ್ಚಿದಂತಾಗುವುದು, ನಾಲ್ಕು ಹೆಜ್ಜೆ ನಡೆದ ಬಳಿಕ ಕಡಿಮೆಯಾಗುವುದು, ಬಹಳ ಹೊತ್ತು ನಿಂತರೆ ಮತ್ತೆ ಮರಳುವುದು: ಇವು ಮೇಲೆ ಹೇಳಿದ ತಂತುಪಟ್ಟಿಯ ಬೇನೆಯ ಲಕ್ಷಣಗಳು. ಕ್ಷಕಿರಣದ ಚಿತ್ರದಲ್ಲಿ ಹಿಮ್ಮಡಿಯ ಎಲುಬು ಮೊನೆಯಂತೆ ಬೆಳೆದಿರುವುದನ್ನು ಕಂಡು ಅನೇಕರು ಗಾಬರಿಯಾಗುತ್ತಾರೆ. ಆದರೆ ಅಂತಹ ಮೊನೆಯಿದ್ದೂ ಯಾವ ನೋವೂ ಇಲ್ಲದವರು ಬಹಳ ಮಂದಿಯಿದ್ದಾರೆ. ಆದುದರಿಂದ ಅದನ್ನು ಕೊರೆದು ತೆಗೆಸಬೇಕೆಂಬ ಆತುರ ಸಲ್ಲದು.

ಇದಕ್ಕೆ ಮುಖ್ಯ ಮದ್ದು ವ್ಯಾಯಾಮ. ಹಾಸಿಗೆಯಿಂದ ಇಳಿಯುವ ಮೊದಲೇ ಕುಳಿತು, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಸೆಳೆದು ಹತ್ತು ಎಣಿಸುವವರೆಗೆ ಹಿಡಿಯಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು ಮಾಡಬೇಕು. ಗೋಡೆಗೆ ಕೈಯೂರಿ, ಹಿಮ್ಮಡಿಯನ್ನು ನೆಲದಿಂದೆತ್ತದೆ ಮುಂದಕ್ಕೆ ಬಾಗಿ ಮೀನಖಂಡವನ್ನು ಹಿಗ್ಗಿಸುವುದೂ ಅಷ್ಟೇ ಉಪಯುಕ್ತ. ತೂಕ ಹೆಚ್ಚಿದ್ದವರು ಅದನ್ನು ಇಳಿಸಬೇಕು. ಗಟ್ಟಿನೆಲದ ಮೇಲೆ ಬರಿಗಾಲಲ್ಲಿ ಬಹಳ ಹೊತ್ತು ನಿಲ್ಲಬಾರದು. ಸೂಜಿಮದ್ದು ತಾತ್ಕಾಲಿಕ ಶಮನ ಕೊಡಬಹುದು, ಪದೇ ಪದೇ ಹಾಕಿಸಿದರೆ ತಂತುಪಟ್ಟಿಯೇ ಹರಿಯುವ ಅಪಾಯವುಂಟು. ತಾಳ್ಮೆಯಿಂದ ಈ ಕ್ರಮವನ್ನು ಪಾಲಿಸಿದ ಹೆಚ್ಚಿನವರಿಗೆ ಕೆಲವು ತಿಂಗಳುಗಳಿಂದ ಒಂದು ವರ್ಷದೊಳಗೆ ಗುಣ ಕಾಣುತ್ತದೆ.

ಪಾದರಕ್ಷೆಯ ಮಾತೂ ಇಲ್ಲಿ ಅವಶ್ಯ. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳು ಹೊಲಿಯುವ, ೨೦೧೯ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಗೆ ಜಂಟಿಯಾಗಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿ ಬಾಳಿಕೆಗೂ ಅಂದಕ್ಕೂ ಹೆಸರಾದುದು. ಆದರೆ ಅದರ ಅಟ್ಟೆ ಗಟ್ಟಿ ಮತ್ತು ಚಪ್ಪಟೆ. ಹಿಮ್ಮಡಿ ನೋಯುವವರು ಅದರೊಳಗೆ ಮೆತ್ತನೆಯ ರಬ್ಬರಿನ ಪದರವನ್ನು ಅಂಟಿಸಿಕೊಂಡರೆ ಒಳಿತು.

೩. ನರಗಳ ತೊಂದರೆ

ಕುಕ್ಕರುಗಾಲಿನಲ್ಲಿ ಕುಳಿತು ದಿನವಿಡೀ ಕಳೆ ಕೀಳುವವರಿಗೆ, ಕಾಲಿನ ಮೇಲೆ ಕಾಲು ಹಾಕಿ ಬಹಳ ಹೊತ್ತು ಕುಳಿತವರಿಗೆ, ಕೆಲವೊಮ್ಮೆ ಎದ್ದಾಗ ಪಾದವು ಮೇಲಕ್ಕೇಳದೆ ಜೋಲುವುದುಂಟು. ಮೊಣಕಾಲಿನ ಹೊರಬದಿಯ ನರವು ಒತ್ತಿಗೆ ಸಿಕ್ಕಿರುವುದೇ ಇದಕ್ಕೆ ಕಾರಣ. ಒತ್ತು ಅಲ್ಪಕಾಲದ್ದಾಗಿದ್ದರೆ ನರವು ಕೆಲವು ವಾರಗಳಲ್ಲಿ, ಇಲ್ಲವೆ ಕೆಲವು ತಿಂಗಳಲ್ಲಿ ತಾನಾಗಿ ಚೇತರಿಸಿಕೊಳ್ಳುತ್ತದೆ. ಅಷ್ಟರವರೆಗೆ ಆ ಭಂಗಿಯನ್ನು ಬಿಡಬೇಕು, ಪಾದವನ್ನು ನೇರವಾಗಿರಿಸುವ ಪಟ್ಟಿಯನ್ನು ಕಟ್ಟಿಕೊಳ್ಳಬೇಕು, ಕೀಲು ಬಿಗಿಯದಂತೆ ವ್ಯಾಯಾಮ ಮಾಡಬೇಕು. ಜೋಲುಪಾದಕ್ಕೆ ಬೇರೆ ಕಾರಣಗಳೂ ಇರಬಹುದಾದುದರಿಂದ ವೈದ್ಯರಿಗೆ ತೋರಿಸುವುದನ್ನು ತಡಮಾಡಬಾರದು.

ಎರಡೂ ಪಾದಗಳಲ್ಲಿ ಬೆರಳುಗಳಿಂದ ಮೊದಲಾಗಿ ಉರಿ, ಜೋಮು, ಹತ್ತಿಯ ಮೇಲೆ ನಡೆದಂತಹ ಭಾವನೆಗಳು ತೋರಿದರೆ ಮಧುಮೇಹವನ್ನು ಮೊದಲು ಶಂಕಿಸಬೇಕು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದೇ ಇದರ ಮೂಲ ಚಿಕಿತ್ಸೆ. ಉರಿಯನ್ನು ಶಮನಗೊಳಿಸುವ ಮಾತ್ರೆಗಳಿವೆ; ಆದರೆ ಅವು ಹೋದ ಸ್ಪರ್ಶವನ್ನು ಮರಳಿ ತರಲಾರವು. ಶುದ್ಧ ಶಾಕಾಹಾರಿಗಳಲ್ಲಿ ಬಿ-೧೨ ಜೀವಸತ್ವದ ಕೊರತೆಯೂ ಇಂತಹ ಲಕ್ಷಣಗಳನ್ನೇ ತೋರಬಹುದು. ಈ ಜೀವಸತ್ವವು ಕಾಯಿಪಲ್ಯ, ಕಾಳುಗಳಲ್ಲಿಲ್ಲ, ಹಾಲು, ಮೊಸರುಗಳಲ್ಲುಂಟು. ಮಧುಮೇಹಕ್ಕಾಗಿ ಮೆಟ್‌ಫಾರ್ಮಿನ್ ಮಾತ್ರೆಯನ್ನು ದೀರ್ಘಕಾಲ ಸೇವಿಸುವವರಲ್ಲಿ ಇದು ಮತ್ತಷ್ಟು ಕಡಿಮೆಯಾಗಬಹುದು. ರಕ್ತಪರೀಕ್ಷೆಯಿಂದ ಇದನ್ನು ತಿಳಿಯಬಹುದು; ಮಾತ್ರೆ ಅಥವಾ ಸೂಜಿಮದ್ದಿನಿಂದ ತುಂಬಿಕೊಡಬಹುದು. ಬೇಗ ಗುರುತಿಸಿದಷ್ಟೂ ಫಲ ಹೆಚ್ಚು.

ಕುಷ್ಠರೋಗವನ್ನೂ ಮರೆಯಲಾಗದು. ಸ್ಪರ್ಶವಿಲ್ಲದ ಮಚ್ಚೆಯೊಡನೆ ಪಾದ ಜೋಮುಗಟ್ಟಿದರೆ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯು ೧೯೮೧ರಲ್ಲಿ ಸೂಚಿಸಿದ ಬಹು ಔಷಧ ಚಿಕಿತ್ಸೆಯಿಂದ ಈ ರೋಗ ಪೂರ್ಣ ವಾಸಿಯಾಗುತ್ತದೆ. ಔಷಧವು ಉಚಿತವಾಗಿ ದೊರೆಯುತ್ತದೆ. ನರವು ಕೆಟ್ಟು ಆರು ತಿಂಗಳಾಗುವುದರೊಳಗೆ ಬಂದವರಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕೊಡುವ ಪ್ರೆಡ್ನಿಸೊಲೋನ್ ಔಷಧದಿಂದ ನರದ ಶಕ್ತಿ ಮರಳುವ ಸಂಭವವಿದೆ.

೪. ನೋವಿಲ್ಲದ ಪಾದದ ಅಪಾಯ

ನೋವುಳ್ಳ ಪಾದಕ್ಕಿಂತ ನೋವಿಲ್ಲದ ಪಾದವೇ ಹೆಚ್ಚು ಅಪಾಯಕರ. ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ ಜನಿಸಿ, ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಈ ಸತ್ಯವನ್ನು ಲೋಕಕ್ಕೆ ಮನಗಾಣಿಸಿದರು. ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿ ಕೊಳೆತು ಬೀಳುತ್ತವೆಂದು ಜನ ನಂಬಿದ್ದರು. ನೋವು ತಿಳಿಯದುದರಿಂದ ಸುಟ್ಟರೂ, ತರಚಿದರೂ, ಒತ್ತಿದರೂ ರೋಗಿಯು ಅದೇ ಕಾಲಿನಲ್ಲಿ ನಡೆಯುತ್ತಿರುವನು. ಆ ಗಾಯವೇ ಅಂಗಹಾನಿಗೆ ಮೂಲವೆಂದು ಅವರು ತೋರಿಸಿಕೊಟ್ಟರು. ಹುಣ್ಣಾದ ಪಾದಕ್ಕೆ ಗಾರೆಪಟ್ಟಿ ಹಾಕಿ ಭಾರವನ್ನು ಎಲ್ಲೆಡೆಗೂ ಸಮನಾಗಿ ಹಂಚಿದರೆ ಹಲವು ಹುಣ್ಣುಗಳು ಕೆಲವು ವಾರಗಳಲ್ಲಿ ಮಾಯುತ್ತಿದ್ದವು. ಮಾಯ್ದ ಪಾದವನ್ನು ಕಾಪಾಡಲು ಸೂಕ್ಷ್ಮರಂಧ್ರಗಳ ಮೆತ್ತನೆಯ ರಬ್ಬರಿನ ಚಪ್ಪಲಿಗಳು ಬಳಕೆಗೆ ಬಂದವು. ಕುಷ್ಠರೋಗಿಗಳಿಂದ ಕಲಿತ ಈ ಪಾಠವೇ ಇಂದು ಮಧುಮೇಹಿಗಳ ಪಾದಗಳನ್ನು ಉಳಿಸುತ್ತಿದೆ.

ಸ್ಪರ್ಶಜ್ಞಾನದ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ವೈದ್ಯರು ೨೦೧೧ರಲ್ಲಿ ಪ್ರಕಟಿಸಿದ ವಿಧಾನವಿದು. ಕಣ್ಣು ಮುಚ್ಚಿ ಮಲಗಿದವರ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ ಮುಟ್ಟಬೇಕು, ಒತ್ತಬಾರದು, ತಟ್ಟಬಾರದು. ಈ ಆರು ಎಡೆಗಳಲ್ಲಿ ಎರಡು ಅಥವಾ ಹೆಚ್ಚು ಎಡೆಗಳ ಸ್ಪರ್ಶ ತಿಳಿಯದಿದ್ದರೆ ಪಾದವು ಅಪಾಯದಲ್ಲಿದೆಯೆಂದು ಭಾವಿಸಿ ವೈದ್ಯರನ್ನು ಕಾಣಬೇಕು.

ಅಂತಹವರು ಪಾಲಿಸಬೇಕಾದ ನಿಯಮಗಳು:

(ಅ) ದಿನವೂ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕಣ್ಣು ಮಂದವಾದವರಿಗೆ ಮನೆಯ ಮಕ್ಕಳು ನೋಡಿ ಹೇಳಬೇಕು.
(ಆ) ಬಿಸಿನೀರಿನ ಕಾವನ್ನು ಕಾಲಿನಿಂದಲ್ಲ, ಮೊಣಕೈಯಿಂದ ಪರೀಕ್ಷಿಸಬೇಕು. ಜೋಮುಗಟ್ಟಿದ ಕಾಲಿಗೆ ಶಾಖ ಕೊಡಬಾರದು.
(ಇ) ಮನೆಯ ಒಳಗೂ ಹೊರಗೂ ಬರಿಗಾಲಲ್ಲಿ ನಡೆಯಬಾರದು. ಮೆಟ್ಟುವ ಮೊದಲು ಚಪ್ಪಲಿಯೊಳಗೆ ಹರಳು, ಮುಳ್ಳುಗಳಿವೆಯೇ ಎಂದು ನೋಡಬೇಕು.
(ಈ) ಆಣಿಯನ್ನು, ಜಡ್ಡುಗಟ್ಟಿದ ಚರ್ಮವನ್ನು ಅಲಗಿನಿಂದ ಕೊಯ್ದುಕೊಳ್ಳಬಾರದು.
(ಉ) ತಂಬಾಕನ್ನು ಸಂಪೂರ್ಣ ವರ್ಜಿಸಬೇಕು.

೫. ಶಸ್ತ್ರಕ್ರಿಯೆ ಅನಿವಾರ್ಯವಾಗುವ ಸಂದರ್ಭ

ಶಸ್ತ್ರಕ್ರಿಯೆ ಎಂದಿಗೂ ಬೇಡವೆಂದು ಇದರ ಅರ್ಥವಲ್ಲ. ಪಾದದಲ್ಲಿ ಕೀವು ತುಂಬಿ ಜ್ವರ ಬಂದಾಗ, ಬೆರಳು ಕಪ್ಪಾದಾಗ, ಸೊಂಟದ ನೋವಿನೊಡನೆ ಕಾಲು ಬಲಗುಂದಿ ಮಲಮೂತ್ರಗಳ ಹಿಡಿತ ತಪ್ಪಿದಾಗ ಒಂದು ದಿನವೂ ತಡೆಯದೆ ಆಸ್ಪತ್ರೆಯನ್ನು ಸೇರಬೇಕು. ಆಗ ಎಣ್ಣೆ, ಲೇಪಗಳನ್ನು ಹಚ್ಚುತ್ತ ಕುಳಿತರೆ ಕಾಲು ಹೋದೀತು, ಪ್ರಾಣವೂ ಹೋದೀತು.

ಉಪಸಂಹಾರ

ಇಲ್ಲಿ ಹೇಳಿದ ಆರೈಕೆಗಳಲ್ಲಿ ಹಲವಕ್ಕೆ ಹೆಚ್ಚಿನ ಹಣ ಬೇಕಿಲ್ಲ. ನಿತ್ಯದ ಗಮನ ಬೇಕು. ಶಾಲೆಯಲ್ಲಿ ಈ ಪರೀಕ್ಷೆಯನ್ನು ಕಲಿತ ಬಾಲಕನೊಬ್ಬನು ಸಂಜೆ ಮನೆಗೆ ಹೋಗಿ ಮಧುಮೇಹಿಯಾದ ಅಜ್ಜನ ಆರು ಬೆರಳುಗಳನ್ನು ಮುಟ್ಟಿ ನೋಡಿದರೆ, ಅದರಿಂದ ಒಂದು ಕಾಲು ಉಳಿಯಬಹುದು. ಒಂದು ಕಾಲು ಉಳಿದರೆ ಆ ಮನೆಯ ಕಾಯಕವೂ ಉಳಿಯುವುದು. ಆರೋಗ್ಯ ಶಿಕ್ಷಣದ ಸಾರ್ಥಕತೆ ಇರುವುದು ಇದರಲ್ಲಿಯೇ.