ಮುಳುಗದ ದೋಣಿ: ಫೋಮ್ ಕಟ್ಟುವ ಪಾಠ



ಹೊಳೆಬದಿಯ ನಮ್ಮ ಸಂಘಗಳಲ್ಲಿ ದೋಣಿ, ಬಲೆ, ಎಂಜಿನ್ ಎಂದು ಸಾಲ ಕೇಳುವವರು ತುಂಬಾ ಮಂದಿ ಇದ್ದಾರೆ. ಆ ದೋಣಿಯಲ್ಲಿ ಹೋಗುವವರು ನಮ್ಮ ಗಂಡಂದಿರು, ಮಕ್ಕಳು. ಬಳಚು ಹೆಕ್ಕುವ ದಿನಗಳಲ್ಲಿ ನಾವೇ ಹೋಗುತ್ತೇವೆ. ದೋಣಿಯೊಳಗೆ ನೀರು ತುಂಬಿದರೆ ಏನು ಮಾಡುವುದು ಎಂದು ನಾವು ಎಂದಾದರೂ ಕೂತು ಮಾತಾಡಿದ್ದೇವೆಯೇ? ಈ ಸಲದ ಪಾಠ ಅದರ ಬಗ್ಗೆ.

1. ಫೈಬರ್ ದೋಣಿ ಯಾಕೆ ಮುಳುಗುತ್ತದೆ?

"ಅಜ್ಜನ ಕಾಲದ ಮರದ ದೋಣಿ ಮಗುಚಿದ್ರೂ ತೇಲ್ತಿತ್ತು. ಈ ಫೈಬರ್ ದೋಣಿ ಯಾಕೆ ತಳಕ್ಕೇ ಹೋಗ್ತದೆ?" ಎಂದು ಅಕ್ಕ ಒಬ್ಬರು ಸಭೆಯಲ್ಲಿ ಕೇಳಿದರು. ಒಳ್ಳೆಯ ಪ್ರಶ್ನೆ. ದೋಣಿಗೆ ಬಳಸುವ ಮರ ಸಾಮಾನ್ಯವಾಗಿ ನೀರಿಗಿಂತ ಹಗುರ. ಫೈಬರ್ ಹಾಗಲ್ಲ, ಅದು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಒಳಗೆ ಗಾಳಿ ಇರುವಷ್ಟು ಹೊತ್ತು ತೇಲುತ್ತದೆ, ನೀರು ತುಂಬಿದರೆ ಮುಳುಗುತ್ತದೆ. ಮನೆಯ ಸ್ಟೀಲ್ ಪಾತ್ರೆಯನ್ನು ಬಾವಿಕಟ್ಟೆಯ ತೊಟ್ಟಿಯಲ್ಲಿ ಬಿಟ್ಟು ನೋಡಿ, ಗೊತ್ತಾಗ್ತದೆ. ಇನ್ನು ಮರದ ದೋಣಿಗೂ ಎಂಜಿನ್ ಕೂರಿಸಿದರೆ ಹಿಂಭಾಗ ಕೆಳಗೆ ಜಗ್ಗುತ್ತದೆ.

ನೀರು ಹೊಕ್ಕಲಾಗದ ಹಗುರ ವಸ್ತುವನ್ನು ದೋಣಿಗೆ ಮೊದಲೇ ಬಿಗಿದು ಕಟ್ಟಿದ್ದರೆ, ನೀರು ತುಂಬಿದರೂ ದೋಣಿ ತಳಕ್ಕೆ ಹೋಗುವುದಿಲ್ಲ. ಹಿಡಿದುಕೊಳ್ಳಲು ಆಸರೆ ಇರುತ್ತದೆ, ದೂರದಿಂದ ಹುಡುಕುವವರ ಕಣ್ಣಿಗೂ ಬೀಳುತ್ತದೆ.

2. ಎಷ್ಟು ಫೋಮ್ ಬೇಕು?

ಒಂದು ಲೀಟರ್ ಗಾತ್ರದ ಫೋಮ್ ನೀರಿನಲ್ಲಿ ಹೆಚ್ಚು ಕಡಿಮೆ ಒಂದು ಕಿಲೋ ಭಾರ ಎತ್ತಿ ಹಿಡಿಯುತ್ತದೆ. ಇದೊಂದು ನೆನಪಿಟ್ಟರೆ ಲೆಕ್ಕ ಸುಲಭ. ಉದಾಹರಣೆಗೆ ಒಂದು ಸಣ್ಣ ದೋಣಿ ತೆಗೆದುಕೊಳ್ಳೋಣ:

- ಫೈಬರ್ ದೋಣಿ 200 ಕೆ.ಜಿ. ನೀರೊಳಗೆ ಅದರ ಭಾರ ಮೂರನೇ ಒಂದು ಪಾಲು ಮಾತ್ರ: ಸುಮಾರು 67 ಕೆ.ಜಿ.
- ಎಂಜಿನ್ 40 ಕೆ.ಜಿ. ನೀರೊಳಗೆ ಮುಕ್ಕಾಲು ಪಾಲು: 30 ಕೆ.ಜಿ.
- ಲಂಗರು, ಬಲೆಯ ಸೀಸದ ಗುಂಡು 20 ಕೆ.ಜಿ. ನೀರೊಳಗೆ: 18 ಕೆ.ಜಿ.
- ನೀರಲ್ಲಿದ್ದು ದೋಣಿಯ ಅಂಚು ಹಿಡಿದಿರುವ ನಾಲ್ವರಿಗೆ, ತಲಾ 10ರಂತೆ: 40 ಕೆ.ಜಿ.

ಒಟ್ಟು 155. ಇದಕ್ಕೆ ಕಾಲುಭಾಗ ಹೆಚ್ಚು ಸೇರಿಸಿದರೆ ಸುಮಾರು 195. ಅಂದರೆ 200 ಲೀಟರಿನ ದೊಡ್ಡ ಡ್ರಮ್ ತುಂಬುವಷ್ಟು ಫೋಮ್ ಬೇಕು. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ಒಂದು ತುಂಡು 24 ಲೀಟರ್. ಇಂಥ ಹತ್ತು ತುಂಡು ಇದ್ದರೆ ಧೈರ್ಯ.

ಗಮನಿಸಿ: ಈ ಲೆಕ್ಕದಲ್ಲಿ ಬಳಚಿನ ಚೀಲ ಸೇರಿಲ್ಲ. ನೀರು ನುಗ್ಗಿದಾಗ ಚೀಲವನ್ನು ಹೊರಗೆ ಎಸೆಯಲೇಬೇಕು. ದುಡಿಮೆ ಹೋಯಿತೆಂದು ಹೊಟ್ಟೆ ಉರಿಯುತ್ತದೆ, ನಿಜ. ಜೀವ ಉಳಿದರೆ ನಾಳೆಯೂ ಹೆಕ್ಕಬಹುದು.

3. ಯಾವ ಫೋಮ್?

ಹಾಸಿಗೆಯ ಸ್ಪಂಜು ಬೇಡವೇ ಬೇಡ, ಅದು ನೀರು ಕುಡಿಯುತ್ತದೆ. ಥರ್ಮಾಕೋಲ್ ಅಗ್ಗ, ಆದರೆ ಪೆಟ್ರೋಲ್ ತಾಗಿದರೆ ಕರಗುತ್ತದೆ, ಫೈಬರ್ ಕೆಲಸದ ಅಂಟು ತಾಗಿದರೂ ಕರಗುತ್ತದೆ. ಬಿಸಿಲಿಗೆ ಪುಡಿಯಾಗಿ ಹೊಳೆ ಸೇರಿದರೆ ಮೀನಿನ ಹೊಟ್ಟೆಗೂ ಹೋಗುತ್ತದೆ. ಗಟ್ಟಿಯಾದ, ಕಣಗಳು ಮುಚ್ಚಿರುವ ಫೋಮ್ ಹಲಗೆ ಒಳ್ಳೆಯದು. ಕೊಳ್ಳುವ ಮೊದಲು ಒಂದು ತುಂಡು ತೂಗಿ, ಬಕೆಟ್ ನೀರಿನಲ್ಲಿ ಕಲ್ಲು ಹೇರಿ ಮೂರು ದಿನ ಇಡಿ. ಮೇಲೆ ಒರೆಸಿ ಮತ್ತೆ ತೂಗಿ. ಭಾರ ಏರಿದ್ದರೆ ಅದು ಬೇಡ.

ಎರಡು ದ್ರವ ಬೆರೆಸಿ ಸುರಿಯುವ ಫೋಮಿನ ಹೊಗೆ ಉಸಿರಿಗೆ ಕೆಟ್ಟದ್ದು. ಅದನ್ನು ಬಲ್ಲವರೇ ಬಯಲಿನಲ್ಲಿ ಮಾಡಬೇಕು. ಸುರಿದ ಫೋಮಿನ ಜಾಗಕ್ಕೆ ನೀರು ಸೇರಿ ನಿಂತರೆ ವರ್ಷಗಳಲ್ಲಿ ಅದೂ ನೆನೆದು ಭಾರವಾಗುತ್ತದೆ.

ಕೈಯಲ್ಲಿ ದುಡ್ಡಿಲ್ಲದಿದ್ದರೆ ಮುಚ್ಚಳ ಬಿಗಿಯಾದ ಖಾಲಿ ಕ್ಯಾನುಗಳನ್ನಾದರೂ ಕಟ್ಟಿ. ಬಿರುಕು ಬಿಟ್ಟಿದೆಯೇ ಎಂದು ಆಗಾಗ ನೋಡಬೇಕು.

4. ಎಲ್ಲಿ ಕಟ್ಟುವುದು?

ತಳದಲ್ಲಿ ತುಂಬಬಾರದು. ತಳದ ಫೋಮ್ ಮೇಲೆ ಬರಲು ನೋಡಿ ದೋಣಿಯನ್ನೇ ಮಗುಚಿ ಹಾಕುತ್ತದೆ. ಎರಡೂ ಬದಿಯಲ್ಲಿ, ಮೇಲಂಚಿನ ಕೆಳಗೆ, ಸಮನಾಗಿ ಕಟ್ಟಬೇಕು: ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಎಂಜಿನ್ ಇರುವ ಹಿಂಭಾಗಕ್ಕೆ ಎರಡು. ಒಂದೊಂದು ತುಂಡೂ 20 ಕಿಲೋಗಿಂತ ಹೆಚ್ಚಿನ ಬಲದಿಂದ ಮೇಲಕ್ಕೆ ಒತ್ತುತ್ತದೆ. ತೆಳು ಹಗ್ಗ ಸಾಲದು. ಅಡ್ಡ ಹಲಗೆಯ ಕೆಳಗೆ ಕೂರಿಸಿ ಅಗಲ ಪಟ್ಟಿಯಿಂದ ಬಿಗಿಯಬೇಕು.

5. ಪರೀಕ್ಷೆ

ಗಾಳಿಯಿಲ್ಲದ ದಿನ, ಸೊಂಟದ ಮಟ್ಟದ ನೀರಿನಲ್ಲಿ, ಎಂಜಿನ್ ಬಿಚ್ಚಿ ಅದರ ಬದಲು ಅಷ್ಟೇ ತೂಕದ ಕಬ್ಬಿಣ ಕಟ್ಟಿ. ದೋಣಿಯೊಳಗೆ ನೀರು ತುಂಬಿಸಿ. ಮೇಲಂಚು ಮಟ್ಟಸವಾಗಿ ಕಾಣುತ್ತಿದೆಯೇ? ನಾಲ್ವರು ಹಿಡಿದರೂ ನಿಲ್ಲುತ್ತದೆಯೇ? ಒಂದು ಕಡೆ ವಾಲಿದರೆ ಆ ಕಡೆಗೆ ಇನ್ನಷ್ಟು ಕಟ್ಟಿ. ಈ ಪರೀಕ್ಷೆ ಮಾಡದೆ ನಂಬಬಾರದು.

6. ಮರೆಯಬಾರದ ಮಾತು

ಫೋಮ್ ಕಟ್ಟಿದ್ದೇವೆಂದು ಹೆಚ್ಚು ಮಂದಿ, ಹೆಚ್ಚು ಹೇರು ಹಾಕುವುದು ತಪ್ಪು. ಫೋಮ್ ದೋಣಿಯನ್ನು ಉಳಿಸುತ್ತದೆ, ಮನುಷ್ಯರಿಗೆ ಲೈಫ್ ಜಾಕೆಟ್ ಬೇಕೇ ಬೇಕು. ಮಗುಚಿದರೆ ದೋಣಿ ಬಿಟ್ಟು ದಡಕ್ಕೆ ಈಜಲು ಹೋಗಬೇಡಿ, ಹಿಡಿದುಕೊಂಡೇ ಇರಿ. ಹಾಯಿ ಇರುವ ದೋಣಿಯಾದರೆ, ನೆಟ್ಟಗೆ ಮಾಡುವ ಮೊದಲು ಹಾಯಿ ಇಳಿಸಬೇಕು. ಇಲ್ಲದಿದ್ದರೆ ಗಾಳಿ ಮತ್ತೆ ಮಗುಚುತ್ತದೆ.

ಸಂಘದಲ್ಲಿ ಚರ್ಚಿಸೋಣ

- ನಮ್ಮ ಸದಸ್ಯೆಯರ ಮನೆಯಲ್ಲಿ ಎಷ್ಟು ದೋಣಿ ಉಂಟು? ಎಷ್ಟಕ್ಕೆ ಫೋಮ್ ಉಂಟು?
- ಎರಡು ಅಂಗಡಿಗಳಲ್ಲಿ ದರ ಕೇಳಿ ಬರುವವರು ಯಾರು?
- ಇನ್ನು ಮುಂದೆ ದೋಣಿ, ಎಂಜಿನ್ ಸಾಲ ಕೊಡುವಾಗ ಫೋಮ್ ಮತ್ತು ಲೈಫ್ ಜಾಕೆಟ್ ಖರ್ಚನ್ನೂ ಅದರಲ್ಲೇ ಸೇರಿಸಬಹುದೇ?

ತೀರ್ಮಾನವನ್ನು ನಿರ್ಣಯ ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಸಾಲದ ಕಂತು ತಪ್ಪಿದರೆ ಮುಂದಿನ ತಿಂಗಳು ಕಟ್ಟಬಹುದು. ಹೊಳೆಗೆ ಹೋದವರು ಸಂಜೆ ಮನೆಗೆ ಬರುವುದು ಮಾತ್ರ ತಪ್ಪಬಾರದು.