ಎಂಜಿನ್ ಈಗ ನಿಂತರೆ ರಾಕೆಟ್ ಎಲ್ಲಿ ಬೀಳುತ್ತದೆ?

ಮಕ್ಕಳೇ, 2010ರ ಡಿಸೆಂಬರ್ 25ರಂದು ಶ್ರೀಹರಿಕೋಟಾದಿಂದ ಜಿಎಸ್‌ಎಲ್‌ವಿ-ಎಫ್06 ರಾಕೆಟ್ ಮೇಲೇರಿತು. ಅದರೊಳಗೆ ಜಿಸ್ಯಾಟ್-5ಪಿ ಉಪಗ್ರಹವಿತ್ತು. 47 ಸೆಕೆಂಡುಗಳವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ರಾಕೆಟ್ ಹತೋಟಿ ತಪ್ಪಿ ವಾಲಿತು, 54ನೇ ಸೆಕೆಂಡಿನ ಹೊತ್ತಿಗೆ ಮುರಿಯಿತು. ಮುರಿದದ್ದು ರೇಡಾರ್‌ಗಳಲ್ಲೂ ಕಂಡಿತು. 64ನೇ ಸೆಕೆಂಡಿಗೆ ಅದನ್ನು ಸಿಡಿಸಿಬಿಡುವ ಆದೇಶ ನೆಲದಿಂದಲೇ ಹೋಯಿತು. ಚೂರುಗಳು ಬಂಗಾಳ ಕೊಲ್ಲಿಗೆ ಬಿದ್ದವು.

ನಾವೇ ಕಟ್ಟಿದ ರಾಕೆಟ್ಟನ್ನು ನಾವೇ ಸಿಡಿಸುವುದೇ? ಹೌದು. ಹಾರುವ ರಾಕೆಟ್ಟಿನಲ್ಲಿ ಟನ್ನುಗಟ್ಟಲೆ ಇಂಧನವಿರುತ್ತದೆ. ದಾರಿ ತಪ್ಪಿ ಅದು ಊರಿನ ಮೇಲೆ ಬಿದ್ದರೆ ಗತಿಯೇನು?

ಆದ್ದರಿಂದ ಉಡಾವಣಾ ಕೇಂದ್ರದ ಸುರಕ್ಷತಾ ಅಧಿಕಾರಿಗೆ ರಾಕೆಟ್ ಎಲ್ಲಿದೆ ಎಂದು ತಿಳಿದರಷ್ಟೇ ಸಾಲದು. ಎಂಜಿನ್ ಈ ಕ್ಷಣವೇ ನಿಂತರೆ ಅದು ಎಲ್ಲಿ ಬೀಳುತ್ತದೆ ಎಂಬುದು ಗೊತ್ತಾಗಬೇಕು. ರಾಕೆಟ್ಟಿನ ಸ್ಥಾನ, ವೇಗ, ದಿಕ್ಕು ತಿಳಿದರೆ ಆ ಜಾಗವನ್ನು ಲೆಕ್ಕ ಹಾಕಬಹುದು. ರಾಕೆಟ್ ಸಾಗಿದಂತೆ ಆ ಜಾಗವೂ ಸಾಗುತ್ತಿರುತ್ತದೆ. ಮೊದಲೇ ಗುರುತಿಸಿದ ಗಡಿಯನ್ನು ಅದು ದಾಟಿತೋ, ಹಾರಾಟ ಮುಗಿಸಲೇಬೇಕು.

ಸ್ಥಾನ ತಿಳಿಯಲು ರೇಡಾರ್ ಇದೆಯಲ್ಲ? ಇದೆ. ಆದರೆ ಭೂಮಿ ದುಂಡಗಿದೆ. ರಾಕೆಟ್ ದಿಗಂತದಾಚೆ ಹೋದಾಗ ಮುಂದೆ ಎಲ್ಲೋ ದ್ವೀಪದಲ್ಲೋ ಹಡಗಿನಲ್ಲೋ ಇನ್ನೊಂದು ರೇಡಾರ್ ಬೇಕು. ಜಿಪಿಎಸ್‌ಗೆ ಈ ತೊಂದರೆಯಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಅದರ ಉಪಗ್ರಹಗಳು ತಾವು ಎಲ್ಲಿದ್ದೇವೆ, ಸಮಯವೆಷ್ಟು ಎಂದು ರೇಡಿಯೋ ಸಂಕೇತದಲ್ಲಿ ಹೇಳುತ್ತಲೇ ಇರುತ್ತವೆ. ಸಂಕೇತ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುತ್ತದೆ. ಅದು ಬರಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕಿ, ರಾಕೆಟ್ಟಿನಲ್ಲಿರುವ ಸಾಧನ ತನ್ನ ಸ್ಥಾನವನ್ನು ಕಂಡುಕೊಳ್ಳುತ್ತದೆ. ಇದಕ್ಕೆ ಕನಿಷ್ಠ 4 ಉಪಗ್ರಹಗಳು ಬೇಕು. ನಾಲ್ಕನೆಯದು ಏಕೆ ಗೊತ್ತೇ? ಸಾಧನದ ಗಡಿಯಾರದ ತಪ್ಪನ್ನು ತಿದ್ದಲು!

2017ರ ಫೆಬ್ರವರಿ 19ರಂದು ಅಮೆರಿಕದ ಫ್ಲಾರಿಡಾದಿಂದ ಹಾರಿದ ಫಾಲ್ಕನ್ 9 ರಾಕೆಟ್ಟಿನಲ್ಲಿ ಗಡಿಯ ನಿಯಮಗಳನ್ನು ಅದರ ಕಂಪ್ಯೂಟರಿಗೇ ತುಂಬಿಸಿದ್ದರು. ಗಡಿ ದಾಟಿದರೆ ನೆಲದ ಆದೇಶಕ್ಕೆ ಕಾಯದೆ ತನ್ನನ್ನು ತಾನೇ ಸಿಡಿಸಿಕೊಳ್ಳುವ ವ್ಯವಸ್ಥೆ! ಅಂದು ಅದರ ಅಗತ್ಯ ಬೀಳಲಿಲ್ಲ. ರಾಕೆಟ್ ಬಾಹ್ಯಾಕಾಶ ನಿಲ್ದಾಣದ ಕಡೆಗೆ ಸರಕು ಹೊತ್ತು ಹೋಯಿತು.

ಮಾಡಿ ನೋಡಿ: ಆಟದ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಯಿರಿ. ಚೆಂಡು ಹಿಡಿದು ನಡೆದು ಬನ್ನಿ. ಗೆರೆಯ ಮೇಲೆ ಬಂದಾಗ ಚೆಂಡನ್ನು ಎಸೆಯದೆ, ಸುಮ್ಮನೆ ಕೈಬಿಡಿ. ಅದು ಗೆರೆಯಿಂದ ಎಷ್ಟು ಮುಂದೆ ಬಿತ್ತು? ಗೆಳೆಯರು ಅಳೆದು ಬರೆದುಕೊಳ್ಳಲಿ. ಈಗ ಓಡಿಬಂದು ಹಾಗೆಯೇ ಮಾಡಿ. ಮೂರನೇ ಸಲ ಇನ್ನೂ ಜೋರಾಗಿ ಓಡುವ ಮೊದಲು, ಚೆಂಡು ಬೀಳುವ ಜಾಗವನ್ನು ಊಹಿಸಿ ಅಲ್ಲೊಂದು ಕಲ್ಲಿಡಿ.