ಅಳಿಸಿದ ಕಡತ, ಏಳದ ಗಣಕ: ಕ್ಷೇತ್ರಕಾರ್ಯದ ಪಠ್ಯವನ್ನು ಉಳಿಸಿಕೊಳ್ಳುವ ಬಗೆ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಗಣಕಯಂತ್ರದ ದುರಸ್ತಿಯ ಪಾಠವೇಕೆ ಎಂದು ಯಾರಾದರೂ ಕೇಳಬಹುದು. ಕಾರಣವಿದೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ವಳಸಂಗದಿಂದ ಬರುವ ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯೂ ಓಣಿಯ ಹಿರಿಯ ಹೆಂಗಸರೂ ಹಾಡಿದ ಬೀಸುವ ಪದಗಳನ್ನು ಮನೆಯ ಹಳೆಯ ಗಣಕದಲ್ಲಿ, ನುಡಿ ತಂತ್ರಾಂಶದಿಂದ ಬೆರಳಚ್ಚು ಮಾಡಿಟ್ಟಿದ್ದಳು. ಡಿಸ್ಕಿನಲ್ಲಿ ಜಾಗ ಸಾಲದಾದಾಗ ಅವಳ ತಮ್ಮನು ಸಿ ಡ್ರೈವ್‌ನಲ್ಲಿ ಮರೆಯಾಗಿದ್ದ ಕಡತಗಳನ್ನು ಕಾಣುವಂತೆ ಮಾಡಿ, ಹೆಸರು ಅರ್ಥವಾಗದ ಕೆಲವನ್ನು ಅಳಿಸಿದನು. ಅಂದು ಯಂತ್ರ ಎಂದಿನಂತೆಯೇ ನಡೆಯಿತು. ಮರುದಿನ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದೇ ದೂರು: ಎನ್‌ಟಿಎಲ್‌ಡಿಆರ್ ಕಾಣುತ್ತಿಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡಿಕೊಡುತ್ತೇವೆ ಎಂದರು. ಅವಳು ಒಪ್ಪದೆ ಯಂತ್ರವನ್ನೇ ವಿಭಾಗಕ್ಕೆ ಹೊತ್ತು ತಂದಳು. ಹಾಡಿದವರಲ್ಲಿ ಇಬ್ಬರು ಈಗ ಇಲ್ಲ. ಆ ಪದಗಳಿಗೆ ಬೇರೆ ಪ್ರತಿಯೂ ಇರಲಿಲ್ಲ.

ಮೊದಲು ತಿಳಿಯಬೇಕಾದುದು, ಯಂತ್ರ ಏಳದಿರುವುದೂ ಪಠ್ಯ ನಾಶವಾಗುವುದೂ ಒಂದೇ ಅಲ್ಲವೆಂಬುದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಯಂತ್ರ ಚಾಲೂ ಆಗುವುದು ಸರಪಳಿಯ ಕೊಂಡಿಗಳಂತೆ. ಯಂತ್ರದಲ್ಲೇ ಅಡಕವಾಗಿರುವ ಬಯಾಸ್ ಡಿಸ್ಕಿನ ಮೊದಲ ಭಾಗವನ್ನು ಓದುತ್ತದೆ; ಆ ಭಾಗವು ಎನ್‌ಟಿಎಲ್‌ಡಿಆರ್ ಎಂಬ ಪುಟ್ಟ ಕಡತವನ್ನು ಕರೆಯುತ್ತದೆ; ಅದು ಬೂಟ್.ಐಎನ್‌ಐ ನೋಡಿ ವಿಂಡೋಸ್ ಎಲ್ಲಿದೆಯೆಂದು ತಿಳಿಯುತ್ತದೆ, ಎನ್‌ಟಿಡಿಟೆಕ್ಟ್‌ನಿಂದ ಯಂತ್ರದ ಅಂಗಗಳನ್ನು ಗುರುತಿಸಿಕೊಳ್ಳುತ್ತದೆ. ಇವು ಬೇಕಾಗುವುದು ಆರಂಭದ ಗಳಿಗೆಯಲ್ಲಿ ಮಾತ್ರ. ಆದುದರಿಂದಲೇ ಅಳಿಸಿದ ದಿನ ಏನೂ ಆಗಲಿಲ್ಲ. ಕಳೆದುಹೋದದ್ದು ಬಾಗಿಲ ಕೀಲಿಕೈ. ಕಣಜದ ಕಾಳು ಒಳಗೇ ಇದೆ.

ಅಳಿಸುವುದೆಂದರೇನು ಎಂಬುದನ್ನೂ ಗಮನಿಸಬೇಕು. ಕಡತ ಕಸದ ಬುಟ್ಟಿಗೆ ಹೋಗಿದ್ದರೆ ಹೆಸರು ಬದಲಾಗಿ ಅದೇ ಡಿಸ್ಕಿನಲ್ಲಿರುತ್ತದೆ. ಬುಟ್ಟಿಯಿಂದಲೂ ತೆಗೆದಿದ್ದರೆ, ಕಡತಗಳ ಪಟ್ಟಿಯಲ್ಲಿ ಆ ಸ್ಥಳ ಖಾಲಿಯೆಂದು ಗುರುತಾಗುತ್ತದೆಯೇ ಹೊರತು, ಹಳೆಯ ಹಾರ್ಡ್ ಡಿಸ್ಕಿನಲ್ಲಿ ಬರಹವು ಮೇಲೆ ಬೇರೊಂದು ಬರೆಯಲ್ಪಡುವವರೆಗೆ ಉಳಿದಿರುತ್ತದೆ. ಅಂಥ ಡಿಸ್ಕಿಗೆ ಹೊಸ ವಿಂಡೋಸ್ ಹಾಕುವುದೆಂದರೆ ಓಲೆಗರಿಯ ಹಳೆಯ ಅಕ್ಷರಗಳ ಮೇಲೆಯೇ ಮತ್ತೆ ಕಂಟ ಆಡಿಸಿದಂತೆ.

ಗ್ರಂಥಸಂಪಾದನೆಯ ತರಗತಿಯಲ್ಲಿ ಮೂಲಪ್ರತಿಯನ್ನು ತಿದ್ದಬಾರದು, ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಬೇಕು ಎಂದು ಕಲಿತಿದ್ದೀರಿ. ಇಲ್ಲಿಯೂ ಕ್ರಮ ಅದೇ. ಮೊದಲು ಪೆನ್‌ಡ್ರೈವ್ ಸಿಕ್ಕಿಸಿಕೊಂಡಿದ್ದರೆ ತೆಗೆದು ನೋಡಿದೆವು, ಏಕೆಂದರೆ ಯಂತ್ರ ಅದರಿಂದ ಆರಂಭವಾಗಲು ಹೋದರೂ ಇದೇ ದೂರು ಬರುವುದುಂಟು. ಅದು ಕಾರಣವಾಗಿರಲಿಲ್ಲ. ಬಳಿಕ ಪಪ್ಪಿ ಲಿನಕ್ಸ್ ಇದ್ದ ಸಿ.ಡಿ.ಯಿಂದ ಯಂತ್ರವನ್ನು ಆರಂಭಿಸಿ, ಡಿಸ್ಕನ್ನು ಓದಲಿಕ್ಕೆ ಮಾತ್ರ ತೆರೆದು, ಪದಗಳ ಕಡತಗಳನ್ನೂ ಅವುಗಳ ಫಾಂಟುಗಳನ್ನೂ ಹೊರಗಿನ ಡಿಸ್ಕಿಗೆ ಪ್ರತಿ ಮಾಡಿದೆವು. ಸಿ.ಡಿ. ಓದದ ಯಂತ್ರವಾದರೆ ಡಿಸ್ಕನ್ನು ಬಿಚ್ಚಿ ಇನ್ನೊಂದು ಗಣಕಕ್ಕೆ ಜೋಡಿಸಬೇಕಾಗುತ್ತದೆ.

ಪ್ರತಿಯಾದ ಮೇಲೆ ದುರಸ್ತಿ ಸುಲಭ. ಎಕ್ಸ್‌ಪಿಯ ಸಿ.ಡಿ.ಯಿಂದ ಆರಂಭಿಸಿ ಆರ್ ಅಕ್ಷರ ಒತ್ತಿದರೆ ರಿಕವರಿ ಕನ್ಸೋಲ್ ತೆರೆಯುತ್ತದೆ. ಸಿ.ಡಿ.ಯ ಐ386 ಎಂಬ ಕೋಶದಿಂದ ಎನ್‌ಟಿಎಲ್‌ಡಿಆರ್, ಎನ್‌ಟಿಡಿಟೆಕ್ಟ್ ಎರಡನ್ನೂ ಸಿ ಡ್ರೈವ್‌ನ ಮೂಲಕೋಶಕ್ಕೆ ಪ್ರತಿ ಮಾಡಬೇಕು, ಬೂಟ್.ಐಎನ್‌ಐ ಅನ್ನು ಬೂಟ್‌ಸಿಎಫ್‌ಜಿ ಆದೇಶದಿಂದ ಮರಳಿ ಕಟ್ಟಬಹುದು. ಯಂತ್ರ ಎದ್ದಿತು. ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್ 8ಕ್ಕೆ ನಿಂತಿರುವುದರಿಂದ ಅದನ್ನು ಅಂತರ್ಜಾಲಕ್ಕೆ ಜೋಡಿಸಲಿಲ್ಲ.

ನಿಜವಾದ ಕನ್ನಡದ ಕೆಲಸ ಆರಂಭವಾದದ್ದು ಇದಾದ ಮೇಲೆ. ಹೊಸ ಗಣಕದಲ್ಲಿ ಕಡತ ತೆರೆದರೆ ಕಂಡದ್ದು ಇಂಗ್ಲಿಷ್ ಅಕ್ಷರಗಳು, ಪೌಂಡಿನ ಗುರುತು, ನೆತ್ತಿಯ ಮೇಲೆ ಗೀರುಳ್ಳ ಎ. ಗಡಿಭಾಗದ ಅಂಗಡಿಗಳ ಯಂತ್ರಗಳಲ್ಲಿ ದೇವನಾಗರಿಯ ಫಾಂಟುಗಳಿರುತ್ತವೆ, ನುಡಿಯದು ವಿರಳ. ಅಲ್ಲಿ ಇಂಥ ಕಡತವನ್ನು ತೆರೆದವರು ಕೆಟ್ಟುಹೋಗಿದೆ ಎಂದು ತಿಳಿದು ತೆಗೆದುಹಾಕಿದರೆ ಅಚ್ಚರಿಯಿಲ್ಲ. ತಮ್ಮನು ಎನ್‌ಟಿಎಲ್‌ಡಿಆರ್ ಅನ್ನು ಅಳಿಸಿದ್ದೂ ಹೀಗೆಯೇ ಅಲ್ಲವೇ?

ಆ ಕಡತ ಕೆಟ್ಟಿರಲಿಲ್ಲ. ಹಳೆಯ ನುಡಿ ಫಾಂಟು ಅಕ್ಷರವನ್ನು ಧ್ವನಿಯಾಗಿ ಅಲ್ಲ, ಆಕಾರದ ತುಣುಕುಗಳಾಗಿ ಇಂಗ್ಲಿಷ್ ಸಂಕೇತಗಳ ಸ್ಥಾನದಲ್ಲಿ ಇಡುತ್ತದೆ. ‘ಕನ್ನಡ’ ಎಂಬ ಪದ ಅಲ್ಲಿ ಏಳು ತುಣುಕು: ಕಕಾರದ ಒಡಲು, ಅದರ ತಲೆಕಟ್ಟು, ನಕಾರದ ಒಡಲು, ತಲೆಕಟ್ಟು, ನಕಾರದ ಒತ್ತು, ಡಕಾರದ ಒಡಲು, ತಲೆಕಟ್ಟು. ಯೂನಿಕೋಡ್‌ನಲ್ಲಿ ಅದೇ ಪದಕ್ಕೆ ಐದೇ ಸಂಕೇತ: ಕ, ನ, ವಿರಾಮ, ನ, ಡ. ತಲೆಕಟ್ಟಿಗೆ ಅಲ್ಲಿ ಲೆಕ್ಕವಿಲ್ಲ, ಅಕಾರ ವ್ಯಂಜನದಲ್ಲೇ ಅಡಗಿದೆ. ಅರ್ಕಾವೊತ್ತಿನಲ್ಲಿ ಅಂತರ ಇನ್ನೂ ಸ್ಪಷ್ಟ. ‘ಸೂರ್ಯ’ ಬರೆಯುವಾಗ ಕೈ ಯಕಾರವನ್ನು ಬರೆದು ಆಮೇಲೆ ಅರ್ಕಾವೊತ್ತು ಇಡುತ್ತದೆ, ನುಡಿ ಫಾಂಟೂ ಹಾಗೆಯೇ. ನಾಲಿಗೆ ಮಾತ್ರ ರೇಫವನ್ನು ಮೊದಲು ನುಡಿಯುತ್ತದೆ, ಯೂನಿಕೋಡ್ ನಾಲಿಗೆಯ ಕ್ರಮವನ್ನೇ ಹಿಡಿಯುತ್ತದೆ. ಆದುದರಿಂದ ಪರಿವರ್ತಕ ತಂತ್ರಾಂಶ ಕೇವಲ ಅಕ್ಷರ ಬದಲಿಸಿದರೆ ಸಾಲದು, ಸ್ಥಾನವನ್ನೂ ಬದಲಿಸಬೇಕು. ತಪ್ಪುಗಳು ಹೆಚ್ಚಾಗಿ ಕಂಡದ್ದು ಅಲ್ಲಿಯೇ, ಒತ್ತಿನ ಮೇಲೊತ್ತು ಬಂದ ಕಡೆಗಳಲ್ಲಿಯೂ.

ಹಾಗಾಗಿ ಪರಿವರ್ತಿತ ಪ್ರತಿಯನ್ನು ನುಡಿ ಫಾಂಟಿನಲ್ಲಿ ಮುದ್ರಿಸಿದ ಹಾಳೆಯೊಡನೆ ಸಾಲುಸಾಲಾಗಿ ಇಬ್ಬರು ಕೂತು ಒಪ್ಪನೋಡಿದರು. ಇಲ್ಲಿ ಒಂದು ಎಚ್ಚರಿಕೆ: ಯಂತ್ರದ ತಪ್ಪನ್ನು ತಿದ್ದುವ ಉತ್ಸಾಹದಲ್ಲಿ ಹಾಡುಗಾರ್ತಿಯ ಮಾತನ್ನು ತಿದ್ದಬಾರದು. ‘ಹೋಗ್ಯಾನ’, ‘ಬಂದಾಳ’ ಎಂಬುವು ದೋಷಗಳಲ್ಲ. ‘ಹೋಗಿದ್ದಾನೆ’ ಎಂದು ಬರೆದರೆ ಪದದ ಲಯವೂ ಊರೂ ಎರಡೂ ಹೋದವು. ಆರಂಭದಲ್ಲಿ ಒಬ್ಬ ವಿದ್ಯಾರ್ಥಿ ಒಂದಿಡೀ ಪುಟವನ್ನು ಗ್ರಾಂಥಿಕಕ್ಕೆ ತಿರುಗಿಸಿಬಿಟ್ಟಿದ್ದನು. ಪ್ರತಿ ಬೇರೆಯಿದ್ದುದರಿಂದ ಬದುಕಿದೆವು.

ಈಗ ಪದಗಳು ಮೂರು ಕಡೆ ಇವೆ: ಹೊರಗಿನ ಡಿಸ್ಕಿನಲ್ಲಿ ಮುಟ್ಟದ ಮೂಲವಾಗಿ, ವಿಭಾಗದ ಗಣಕದಲ್ಲಿ ಯೂನಿಕೋಡ್ ಪ್ರತಿಯಾಗಿ, ಕಪಾಟಿನಲ್ಲಿ ಕಾಗದದ ಮೇಲೆ. ನಾಲ್ಕು ಸ್ಥಳಗಳಲ್ಲಿ ಅಕ್ಷರವೇ ಸಂಶಯ: ಬೆರಳಚ್ಚಿನ ತಪ್ಪೋ, ನಮಗೆ ತಿಳಿಯದ ಮಾತೋ ಗೊತ್ತಾಗುತ್ತಿಲ್ಲ. ಅವುಗಳ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇವೆ. ಅಜ್ಜಿಯನ್ನು ಕೇಳಿಕೊಂಡು ಬರಲು ವಿದ್ಯಾರ್ಥಿನಿ ಈ ರಜೆಯಲ್ಲಿ ವಳಸಂಗಕ್ಕೆ ಹೋಗಿದ್ದಾಳೆ.